ಹಾರಿದರೆ ಹತ್ತಿರ, ಹೋದರೆ ದೂರ

ರಾಯಚೂರು ಸೀಮೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಹೇಳುವವರು ಕಡಿಮೆ. ಸಿಂಧನೂರಿನಲ್ಲಿ ನಿಂತು ‘ಲಿಂಗಸುಗೂರು ಎಷ್ಟು ದೂರ?’ ಎಂದು ಕೇಳಿದರೆ ‘ತಾಸಿನ ಮ್ಯಾಲ ಹಿಡೀತದ’ ಎಂಬ ಉತ್ತರ ಬರುತ್ತದೆ. ‘ಬೆಂಗಳೂರು?’ ಎಂದರೆ ‘ರಾತ್ರಿ ಕುಂತರ ಮುಂಜಾನಿ’ ಎನ್ನುತ್ತಾರೆ. ದೂರ ಕೇಳಿದವನಿಗೆ ಸಮಯ ಹೇಳುವುದು ಇಲ್ಲಿನ ರೂಢಿ. ಅದರಲ್ಲಿ ತಪ್ಪೇನೂ ಇಲ್ಲ. ಪ್ರಯಾಣಿಕನಿಗೆ ಕಡೆಗೆ ಬೇಕಾಗಿರುವುದು ಯಾವಾಗ ಹೊರಟರೆ ಯಾವಾಗ ಮುಟ್ಟುತ್ತೇನೆ ಎಂಬ ಮಾತೇ.

ಈಗ ಈ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರವೂ ಸಿಗುತ್ತದೆ. ನಕ್ಷೆಯ ಮೇಲೆ ಎರಡು ಚುಕ್ಕೆ ಇಟ್ಟು ನಡುವೆ ಒಂದು ಗೆರೆ ಎಳೆದು, ಇಷ್ಟು ಕಿಲೋಮೀಟರು, ವಿಮಾನದಲ್ಲಿ ಇಷ್ಟು ನಿಮಿಷ ಎಂದು ಹೇಳುವ ಉತ್ತರ ಅದು. ಸಿಂಧನೂರಿನಿಂದ ಬೆಂಗಳೂರಿನ ಮೆಜೆಸ್ಟಿಕ್‌ಗೆ ರಸ್ತೆಯ ದೂರ ಸುಮಾರು 400 ಕಿ.ಮೀ. ಆಕಾಶದ ಗೆರೆಯಲ್ಲಿ ಅದು ಸುಮಾರು 320 ಕಿ.ಮೀ. ತಾಸಿಗೆ 500 ಕಿ.ಮೀ. ವೇಗದ ವಿಮಾನಕ್ಕೆ ಇದು ನಲವತ್ತು ನಿಮಿಷವೂ ಇಲ್ಲದ ಹಾದಿ. ರಾತ್ರಿಯಿಡೀ ಬಸ್ಸಿನಲ್ಲಿ ಕೂರುವ ದೂರ ನಲವತ್ತು ನಿಮಿಷಕ್ಕೆ ಇಳಿದುಬಿಡುತ್ತದೆಯೇ? ಈ ಲೆಕ್ಕವನ್ನು ಮಾಡುವುದು ಹೇಗೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ಮೂರು ಊರು, ಒಂದು ಗೆರೆ

ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲಿವೆ. ಜೇವರ್ಗಿಯಿಂದ ಹೊರಟು ಶಹಾಪುರ, ಸುರಪುರ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 150-ಎ ಈ ಮೂರೂ ಊರುಗಳನ್ನು ಪೋಣಿಸಿಕೊಂಡು ಸಿರುಗುಪ್ಪ, ಬಳ್ಳಾರಿಯ ಕಡೆಗೆ ಹೋಗುತ್ತದೆ. ನಕ್ಷೆಯಲ್ಲಿ ನೋಡಿದರೆ ಮೂರೂ ಊರು ವಾಯವ್ಯದಿಂದ ಆಗ್ನೇಯಕ್ಕೆ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಕೂತಿವೆ. ಲಿಂಗಸುಗೂರಿನಿಂದ ಮಸ್ಕಿಗೆ ನೇರ ದೂರ 25 ಕಿ.ಮೀ. ಆಸುಪಾಸು, ಮಸ್ಕಿಯಿಂದ ಸಿಂಧನೂರಿಗೆ ಇನ್ನೊಂದು ಅಷ್ಟೇ. ಇಲ್ಲಿ ನೇರ ದೂರಕ್ಕೂ ರಸ್ತೆಯ ದೂರಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ನೆಲ ಸಮತಟ್ಟು, ನಡುವೆ ದೊಡ್ಡ ಹೊಳೆ ಇಲ್ಲ, ಘಟ್ಟವೂ ಇಲ್ಲ.

ಆದರೆ ಈ ಗೆರೆಯನ್ನು ಎರಡೂ ತುದಿಗೆ ಚಾಚಿದರೆ ಹೊಳೆಗಳು ಅಡ್ಡ ಬರುತ್ತವೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ತೊರೆಗಳ ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದವು. ಚರಿತ್ರೆಯ ಪುಸ್ತಕಗಳಲ್ಲಿ ಇದು ರಾಯಚೂರು ದೋಆಬ್. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು. 1520ರ ರಾಯಚೂರು ಕದನದಲ್ಲಿ ಕೃಷ್ಣದೇವರಾಯನು ಬಿಜಾಪುರದ ಆದಿಲಶಾಹಿಯನ್ನು ಸೋಲಿಸಿದ್ದೂ ಇದಕ್ಕಾಗಿಯೇ.

ಸೇನೆಗೆ ಆಗಲಿ, ವ್ಯಾಪಾರಿಗೆ ಆಗಲಿ ಆಗಿನ ದೂರವನ್ನು ನಿರ್ಧರಿಸುತ್ತಿದ್ದುದು ಹೊಳೆಯೇ. ಬೇಸಿಗೆಯಲ್ಲಿ ಹೊಳೆ ನಡೆದು ದಾಟುವಂತಿದ್ದರೆ ಆಚೆ ದಂಡೆ ಕೂಗಳತೆ. ಮಳೆಗಾಲದಲ್ಲಿ ನೀರು ಉಕ್ಕಿದರೆ ಅದೇ ದಂಡೆ ವಾರಗಟ್ಟಲೆ ದೂರ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ತುಂಗಭದ್ರೆಯನ್ನು ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ದಾಟುತ್ತಿದ್ದುದನ್ನು ಬಣ್ಣಿಸಿದ್ದಾನೆ. ನಮ್ಮ ಹರಿಗೋಲು ಅದು. ಈಗ ಕೃಷ್ಣೆಗೆ ತಿಂಥಣಿಯಲ್ಲಿ, ತುಂಗಭದ್ರೆಗೆ ದಢೇಸುಗೂರಿನಲ್ಲಿ ಸೇತುವೆಗಳಿವೆ. ಆದರೂ ರಸ್ತೆಗೆ ಸೇತುವೆ ಇರುವ ಕಡೆಗೇ ತಿರುಗಿ ಹೋಗುವುದು ಅನಿವಾರ್ಯ. ಆ ಹಂಗು ಇಲ್ಲದಿರುವುದು ಆಕಾಶದ ಗೆರೆಗೆ ಮಾತ್ರ.

ಬಂಡೆಗಲ್ಲು ಹೇಳುವ ದೂರ

ದೂರ ಮತ್ತು ಸಮಯದ ವಿಚಾರದಲ್ಲಿ ಮಸ್ಕಿಗೆ ಹಳೆಯ ನಂಟಿದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ರಾಜನಿಗೆ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಸಿಕ್ಕಿತು. ದೇವಾನಾಂಪ್ರಿಯನೇ ಅಶೋಕ ಎಂಬ ವಿದ್ವಾಂಸರ ಊಹೆ ಹೀಗೆ ಗಟ್ಟಿಯಾಯಿತು.

ಈ ಅಶೋಕನ ರಾಜಧಾನಿ ಪಾಟಲೀಪುತ್ರ, ಅಂದರೆ ಇಂದಿನ ಪಟ್ನಾ. ಅಲ್ಲಿಂದ ಮಸ್ಕಿಗೆ ಆಕಾಶದ ಗೆರೆಯಲ್ಲಿ ಸುಮಾರು 1400 ಕಿ.ಮೀ. ಕಾಡು, ಹೊಳೆ, ವಿಂಧ್ಯದ ಬೆಟ್ಟ ಸುತ್ತಿಕೊಂಡು ಬರುವ ನೆಲದ ಹಾದಿ ಇದಕ್ಕಿಂತ ಎಷ್ಟೋ ಉದ್ದ. ದಿನಕ್ಕೆ 25 ಕಿ.ಮೀ. ನಡೆದರೂ ರಾಜಾಜ್ಞೆ ಇಲ್ಲಿಗೆ ಮುಟ್ಟಲು ಎರಡು ತಿಂಗಳಿಗೂ ಮೇಲೆ ಬೇಕು. ಅಷ್ಟು ದೂರದ ಅರಸನ ಮಾತು ಇಲ್ಲಿನ ಬಂಡೆಗೆ ಬಂದದ್ದು ಆ ಕಾಲದ ಸಾರಿಗೆಯ ಸಾಧನೆ ಎನ್ನಬೇಕು.

ಇದೇ ಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಎಂದು ಅದು ಶುರುವಾಗುತ್ತದೆ. ಸುವರ್ಣಗಿರಿ ಎಂದರೆ ಮಸ್ಕಿಯಿಂದ ಅನತಿ ದೂರದ ಕನಕಗಿರಿ ಎಂದು ಕೆಲವರು, ಆಂಧ್ರದ ಜೊನ್ನಗಿರಿ ಎಂದು ಕೆಲವರು, ಮಸ್ಕಿಯೇ ಎಂದು ಮತ್ತೆ ಕೆಲವರು ವಾದಿಸಿದ್ದಾರೆ. ಆ ಶಾಸನದಲ್ಲಿ 256 ಎಂಬ ಸಂಖ್ಯೆಯೊಂದಿದೆ. ಬುದ್ಧನ ನಿರ್ವಾಣವಾಗಿ 256 ವರ್ಷ ಎಂದು ಮೊದಮೊದಲು ಅರ್ಥ ಮಾಡಿದ್ದುಂಟು. ಅರಸನು ಊರು ಬಿಟ್ಟು ಸಂಚಾರದಲ್ಲಿ ಕಳೆದ 256 ರಾತ್ರಿಗಳು ಎಂಬ ಅರ್ಥವನ್ನು ಈಗ ಹೆಚ್ಚಿನವರು ಒಪ್ಪುತ್ತಾರೆ. ಅಂದರೆ ಅರಸನೂ ತನ್ನ ಯಾತ್ರೆಯನ್ನು ಹೇಳಿಕೊಂಡದ್ದು ರಾತ್ರಿಗಳ ಲೆಕ್ಕದಲ್ಲಿ. ‘ರಾತ್ರಿ ಕುಂತರ ಮುಂಜಾನಿ’ ಎನ್ನುವ ಸಿಂಧನೂರಿನ ಪ್ರಯಾಣಿಕನ ಅಳತೆಗೂ ಅದಕ್ಕೂ ಜಾತಿ ಒಂದೇ.

ಉದ್ದದ ಅಳತೆಯೂ ಆಗ ಇತ್ತು. ತನ್ನ ಹದಿಮೂರನೇ ಬಂಡೆಶಾಸನದಲ್ಲಿ ಅಶೋಕನು ಗ್ರೀಕ್ ದೊರೆ ಅಂತಿಯೋಕನ ರಾಜ್ಯ 600 ಯೋಜನ ದೂರದಲ್ಲಿದೆ ಎನ್ನುತ್ತಾನೆ. ಯೋಜನ ಎಂದರೆ ಎಷ್ಟು ಎಂಬುದಕ್ಕೆ ಗ್ರಂಥಕ್ಕೊಂದು ಲೆಕ್ಕ. ಸುಮಾರು 8ರಿಂದ 15 ಕಿ.ಮೀ. ತನಕ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ದಾರಿಯುದ್ದಕ್ಕೂ ಬಾವಿ ತೋಡಿಸಿದೆ ಎಂದು ಏಳನೇ ಸ್ತಂಭಶಾಸನದಲ್ಲಿ ಹೇಳಿದ್ದಾನೆ. ಆ ಬಾವಿಗಳು ಅರ್ಧ ಕ್ರೋಶಕ್ಕೊಂದೋ ಎಂಟು ಕ್ರೋಶಕ್ಕೊಂದೋ ಎಂಬ ಚರ್ಚೆ ಪಂಡಿತರಲ್ಲಿ ಇನ್ನೂ ಇದೆ. ಕನ್ನಡಿಗರಿಗೆ ಹರದಾರಿ, ಗಾವುದಗಳಿದ್ದವು. ಹರದಾರಿ ಎಂದರೆ ಸುಮಾರು ಮೂರು ಮೈಲಿ, ಗಾವುದ ಸುಮಾರು ಹನ್ನೆರಡು ಮೈಲಿ. ಇವೆಲ್ಲ ಕಾಲಿನಿಂದ, ಎತ್ತಿನ ಗಾಡಿಯಿಂದ ಹುಟ್ಟಿದ ಅಳತೆಗಳು. ದಣಿವು, ನೀರು, ತಂಗುವ ಜಾಗ ಎಲ್ಲವೂ ಅವುಗಳ ಒಳಗೇ ಸೇರಿಕೊಂಡಿದ್ದವು.

ಆಕಾಶದ ಲೆಕ್ಕ ಹೇಗೆ?

ವಿಮಾನದ ದೂರವನ್ನು ಅಳೆಯಲು ಯಾರೂ ಆಕಾಶದಲ್ಲಿ ಟೇಪು ಹಿಡಿಯುವುದಿಲ್ಲ. ಎರಡು ಊರುಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅದನ್ನು 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ 111 ಕಿ.ಮೀ. ಬರುತ್ತದೆ. ಉತ್ತರ–ದಕ್ಷಿಣವಾಗಿ ಒಂದು ಡಿಗ್ರಿ ಸರಿದರೆ ಎಲ್ಲಿಯೇ ಆಗಲಿ ಇಷ್ಟು ದೂರ. ಪೂರ್ವ–ಪಶ್ಚಿಮದ ಡಿಗ್ರಿ ಮಾತ್ರ ಧ್ರುವಗಳ ಕಡೆಗೆ ಹೋದಂತೆ ಕಿರಿದಾಗುತ್ತದೆ. ನಮ್ಮ ಕರ್ನಾಟಕದ ನಡುಭಾಗದಲ್ಲಿ ಅದು ಸುಮಾರು 107 ಕಿ.ಮೀ.

ಒಂದು ಉದಾಹರಣೆ ನೋಡೋಣ. ಕಲಬುರಗಿ ವಿಮಾನ ನಿಲ್ದಾಣ ಇರುವುದು 17.3 ಡಿಗ್ರಿ ಉತ್ತರ ಅಕ್ಷಾಂಶ, 76.96 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಇರುವುದು 13.2 ಮತ್ತು 77.71ರಲ್ಲಿ. ಅಕ್ಷಾಂಶದ ಅಂತರ 4.1 ಡಿಗ್ರಿ, ಅಂದರೆ 455 ಕಿ.ಮೀ. ರೇಖಾಂಶದ ಅಂತರ 0.75 ಡಿಗ್ರಿ, ಅಂದರೆ 80 ಕಿ.ಮೀ. ಇವೆರಡೂ ಒಂದು ಲಂಬಕೋನ ತ್ರಿಭುಜದ ಎರಡು ಬಾಹುಗಳು. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯದಂತೆ ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 462 ಕಿ.ಮೀ. ಅದೇ ಕಲಬುರಗಿ–ಬೆಂಗಳೂರು ವೈಮಾನಿಕ ದೂರ. ಇದೇ ರೀತಿ ತೋರಣಗಲ್ಲು ಬಳಿಯ ವಿದ್ಯಾನಗರ ನಿಲ್ದಾಣದಿಂದ ಬೆಂಗಳೂರಿಗೆ 250 ಕಿ.ಮೀ., ಹೈದರಾಬಾದಿನ ನಿಲ್ದಾಣಕ್ಕೆ 300 ಕಿ.ಮೀ. ಆಸುಪಾಸು ಬರುತ್ತದೆ.

ವಿಮಾನ ಅಷ್ಟು ಎತ್ತರ ಏರುತ್ತದೆಯಲ್ಲ, ಅದರಿಂದ ದೂರ ಹೆಚ್ಚುವುದಿಲ್ಲವೇ ಎಂದು ಕೇಳಬಹುದು. ಹೆಚ್ಚುತ್ತದೆ, ಆದರೆ ಲೆಕ್ಕಕ್ಕೆ ಬರುವಷ್ಟಲ್ಲ. ಭೂಮಿಯ ತ್ರಿಜ್ಯವೇ 6371 ಕಿ.ಮೀ. ಇರುವಾಗ ಹತ್ತು ಕಿ.ಮೀ. ಎತ್ತರ ಏನೂ ಅಲ್ಲ. ಸಾವಿರ ಕಿ.ಮೀ. ಹಾದಿಗೆ ಅದು ಎರಡು ಕಿ.ಮೀ.ಯನ್ನೂ ಸೇರಿಸುವುದಿಲ್ಲ.

ವಿಮಾನದವರು ಕಿಲೋಮೀಟರು ಬಿಟ್ಟು ನಾಟಿಕಲ್ ಮೈಲು ಬಳಸುತ್ತಾರೆ. ಅದಕ್ಕೂ ಕಾರಣ ಈ ಡಿಗ್ರಿಯೇ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಬರುವ ಒಂದು ‘ಮಿನಿಟ್’ನ ಉದ್ದವೇ ಒಂದು ನಾಟಿಕಲ್ ಮೈಲು. ಅದು 1.852 ಕಿ.ಮೀ.ಗೆ ಸಮ. ನಕ್ಷೆಯ ಅಂಚಿನಲ್ಲಿರುವ ಅಕ್ಷಾಂಶದ ಗುರುತುಗಳನ್ನೇ ಅಳತೆಕೋಲಾಗಿ ಬಳಸಲು ಇದರಿಂದ ಅನುಕೂಲ.

ದೂರ ಚಿಕ್ಕದಿದ್ದರೆ ಮೇಲಿನ ತ್ರಿಭುಜದ ಲೆಕ್ಕ ಸಾಕು. ದೂರ ದೊಡ್ಡದಾದರೆ ಭೂಮಿ ದುಂಡಗಿದೆ ಎಂಬುದನ್ನು ಮರೆಯುವಂತಿಲ್ಲ. ಒಂದು ಮೋಸಂಬಿಯ ಮೇಲೆ ಎರಡು ಚುಕ್ಕೆ ಇಟ್ಟು ನಡುವೆ ದಾರ ಬಿಗಿಯಾಗಿ ಎಳೆದು ನೋಡಿ. ದಾರ ಹಿಡಿಯುವ ಹಾದಿಯೇ ಅತಿ ಕಡಿಮೆಯ ದೂರ. ಗಣಿತದಲ್ಲಿ ಇದಕ್ಕೆ ಮಹಾವೃತ್ತ ಎಂದು ಹೆಸರು. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಝೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಅದನ್ನು ನಡೆಸಿದರು. ಗೋಡೆಯ ನಕ್ಷೆ ನೋಡಿದವರಿಗೆ ಅಮೆರಿಕದ ಪಶ್ಚಿಮ ಕರಾವಳಿಯಿಂದ ಪೆಸಿಫಿಕ್ ಸಾಗರ ದಾಟಿ ಬರುವುದೇ ನೇರ ಹಾದಿ ಎನಿಸುತ್ತದೆ. ಆ ವಿಮಾನ ಬಂದದ್ದು ಉತ್ತರ ಧ್ರುವದ ಮೇಲಿನಿಂದ. ಎರಡು ಊರುಗಳ ನಡುವಿನ ಮಹಾವೃತ್ತದ ದೂರ ಸುಮಾರು 14,000 ಕಿ.ಮೀ.; ತಗಲಿದ ಸಮಯ ಸುಮಾರು 17 ತಾಸು. ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದ ಮನೆಗಳಿಗೆ ಈ ಲೆಕ್ಕ ಪುಸ್ತಕದ ಮಾತಾಗಿ ಉಳಿದಿಲ್ಲ.

ನಿಮಿಷ ಬೆಳೆಯುವುದೆಲ್ಲಿ?

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಬರಬೇಕು. ಸಣ್ಣ ಊರುಗಳ ನಡುವೆ ಓಡಾಡುವ, ಮುಂದೆ ರೆಕ್ಕೆಗಾಳಿ ತಿರುಗುವ ಎಟಿಆರ್-72 ವಿಮಾನದ ವೇಗ ತಾಸಿಗೆ ಸುಮಾರು 500 ಕಿ.ಮೀ. ಆ ಲೆಕ್ಕದಲ್ಲಿ ವಿದ್ಯಾನಗರದಿಂದ ಬೆಂಗಳೂರಿಗೆ 30 ನಿಮಿಷ, ಹೈದರಾಬಾದಿಗೆ 36 ನಿಮಿಷ. ಆದರೆ ಇಂಥ ಹಾದಿಗಳಿಗೆ ವೇಳಾಪಟ್ಟಿಯಲ್ಲಿ ಇಡುವುದು ಒಂದು ತಾಸಿನ ಆಸುಪಾಸು. ಉಳಿದ ಸಮಯ ಎಲ್ಲಿ ಹೋಯಿತು?

ವೇಳಾಪಟ್ಟಿಯ ಸಮಯ ಹಾರಾಟದ ಸಮಯವಷ್ಟೇ ಆಗಿರುವುದಿಲ್ಲ. ನಿಂತ ಜಾಗದಿಂದ ವಿಮಾನದ ಚಕ್ರ ಕದಲಿದಲ್ಲಿಂದ ಹಿಡಿದು, ಇನ್ನೊಂದು ಊರಿನಲ್ಲಿ ಚಕ್ರಕ್ಕೆ ಅಡೆ ಇಡುವವರೆಗಿನ ಒಟ್ಟು ಸಮಯ ಅದು. ರನ್‌ವೇ ತನಕ ತೆವಳುವುದು, ಸರದಿಗಾಗಿ ಕಾಯುವುದು, ಏರುವಾಗಿನ ಕಡಿಮೆ ವೇಗ, ಇಳಿಯುವಾಗಿನ ಇನ್ನೂ ಕಡಿಮೆ ವೇಗ, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಹೋಗುವುದು ಎಲ್ಲ ಅದರಲ್ಲಿ ಸೇರಿವೆ. ಹಾದಿ ಉದ್ದವಿರಲಿ, ಗಿಡ್ಡವಿರಲಿ ಈ ಖರ್ಚು ತಪ್ಪಿದ್ದಲ್ಲ. ಆದ್ದರಿಂದಲೇ ದೂರ ಅರ್ಧವಾದರೆ ಸಮಯ ಅರ್ಧವಾಗುವುದಿಲ್ಲ.

ಗೆರೆಯೂ ನೇರವಾಗಿ ಉಳಿಯುವುದಿಲ್ಲ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಉತ್ತರದಿಂದ ಬರುವ ವಿಮಾನ ಗಾಳಿಯ ದಿಕ್ಕು ನೋಡಿಕೊಂಡು ಒಂದು ಬದಿಗೆ ಹೋಗಿ, ತಿರುಗಿ, ಸಾಲು ಹಿಡಿದು ಇಳಿಯಬೇಕು. ಆಕಾಶದಲ್ಲಿಯೂ ಗೊತ್ತುಪಡಿಸಿದ ಹಾದಿಗಳಿವೆ. ಸೇನೆಗೆ ಮೀಸಲಾದ ಪ್ರದೇಶಗಳಿವೆ. ದೇಶಗಳ ಜಗಳವೂ ದೂರ ಬೆಳೆಸುತ್ತದೆ. 2019ರ ಫೆಬ್ರುವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ವಾಯುಮಾರ್ಗ ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತಿ ಹೋಗಬೇಕಾಯಿತು. ನಕ್ಷೆಯಲ್ಲಿ ಊರುಗಳು ಕದಲಿರಲಿಲ್ಲ, ದೂರ ಮಾತ್ರ ಬೆಳೆದಿತ್ತು.

ಗಾಳಿಯದು ಇನ್ನೊಂದು ಕಥೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ಬಹಳ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಿರುಗಾಳಿಯ ಹೊಳೆಯೊಂದು ಹರಿಯುತ್ತದೆ. ಆಗ ದಿಲ್ಲಿಯಿಂದ ಗುವಾಹಟಿಗೆ ಹೋಗುವ ವಿಮಾನ ಬೇಗ ಮುಟ್ಟುತ್ತದೆ, ಹಿಂತಿರುಗುವಾಗ ತಡವಾಗುತ್ತದೆ. ಮಳೆಗಾಲದಲ್ಲಿ ನಮ್ಮ ದಕ್ಷಿಣ ಭಾರತದ ಮೇಲೆ, ಸುಮಾರು 14–15 ಕಿ.ಮೀ. ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಇಂಥದೇ ಗಾಳಿ ಬೀಸುತ್ತದೆ. ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಇದನ್ನು ವಿವರಿಸಿ ಹೆಸರಾದರು. ಕಲಬುರಗಿ–ಬೆಂಗಳೂರಿನಂಥ ಉತ್ತರ–ದಕ್ಷಿಣದ ಗಿಡ್ಡ ಹಾದಿಗೆ ಇವುಗಳಿಂದ ಹೆಚ್ಚಿನ ಲಾಭ ನಷ್ಟವಿಲ್ಲ. ಉದ್ದದ ಹಾದಿಯಲ್ಲಿ ಹೋಗುವ ಸಮಯಕ್ಕೂ ಬರುವ ಸಮಯಕ್ಕೂ ಇರುವ ವ್ಯತ್ಯಾಸಕ್ಕೆ ಮುಖ್ಯ ಕಾರಣ ಗಾಳಿಯೇ.

ಮನೆಯಿಂದ ಮನೆಗೆ

ಈಗ ಸಿಂಧನೂರಿನ ಪ್ರಯಾಣಿಕನ ಲೆಕ್ಕಕ್ಕೆ ಬರೋಣ. ಅವನ ಊರಿನಲ್ಲಿ ವಿಮಾನ ನಿಲ್ದಾಣವಿಲ್ಲ. ಆಕಾಶದ ಗೆರೆಯಲ್ಲಿ ಅವನಿಗೆ ಹತ್ತಿರದ್ದು 67 ಕಿ.ಮೀ. ದೂರದ ವಿದ್ಯಾನಗರ. ಲಿಂಗಸುಗೂರಿನವರಿಗೆ ಅದು 110 ಕಿ.ಮೀ., ಕಲಬುರಗಿ ನಿಲ್ದಾಣ ಸುಮಾರು 136 ಕಿ.ಮೀ. ಆದರೆ ವಿದ್ಯಾನಗರ ತುಂಗಭದ್ರೆಯ ಆಚೆ ಇದೆ. ಬಳ್ಳಾರಿಯ ಮೇಲಿನಿಂದ ಹೋದರೆ 67 ಕಿ.ಮೀ. ಎಂಬುದು ನೂರು ದಾಟುತ್ತದೆ. ಲಿಂಗಸುಗೂರಿನಿಂದ ಕಲಬುರಗಿಗೆ ಹೋಗಲು ಕೃಷ್ಣೆಯನ್ನೂ ಭೀಮೆಯನ್ನೂ ದಾಟಬೇಕು.

ಲೆಕ್ಕ ಹೀಗೆ ಹಾಕಬಹುದು. ಸಿಂಧನೂರಿನಿಂದ ವಿದ್ಯಾನಗರಕ್ಕೆ ಕಾರಿನಲ್ಲಿ ಎರಡೂವರೆ ತಾಸು. ತಪಾಸಣೆ, ಕಾಯುವಿಕೆಗೆ ಒಂದು ತಾಸು. ವಿಮಾನಕ್ಕೆ ಒಂದು ತಾಸು. ಇಳಿದು ಸಾಮಾನು ಪಡೆದು ಹೊರಬರಲು ಅರ್ಧ ತಾಸು. ಅಲ್ಲಿಂದ ಸುಮಾರು 35 ಕಿ.ಮೀ. ದೂರದ ಬೆಂಗಳೂರಿನ ನಡುಭಾಗಕ್ಕೆ ಒಂದು, ಒಂದೂವರೆ ತಾಸು. ಒಟ್ಟು ಆರರಿಂದ ಆರೂವರೆ ತಾಸು. ಇದರಲ್ಲಿ ಗಾಳಿಯಲ್ಲಿ ಕಳೆದದ್ದು ಆರನೆಯ ಒಂದು ಭಾಗವೂ ಅಲ್ಲ. ರಾತ್ರಿಯ ಬಸ್ಸಿಗೆ ಎಂಟು ತಾಸು ಹಿಡಿದರೆ ಉಳಿತಾಯ ಎರಡು ತಾಸಿನೊಳಗೆ. ಬಸ್ಸಿನ ಎಂಟು ತಾಸಿನಲ್ಲಿ ನಿದ್ದೆಯೂ ಸೇರಿದೆ, ಹಗಲಿನ ದುಡಿಮೆ ತಪ್ಪುವುದಿಲ್ಲ. ನಲವತ್ತು ನಿಮಿಷದ ಮಾತು ಕೇಳಿ ಟಿಕೆಟ್ ಕೊಂಡವನಿಗೆ ಇದು ಮೊದಲೇ ಗೊತ್ತಿರುವುದು ಒಳ್ಳೆಯದು.

ಹಾಗೆಂದು ವಿಮಾನ ನಿಷ್ಪ್ರಯೋಜಕ ಎನ್ನುವಂತಿಲ್ಲ. ದೂರ ಹೆಚ್ಚಿದಂತೆ ಅದರ ಲಾಭ ಹೆಚ್ಚುತ್ತದೆ. ಸಿಂಧನೂರು ತಾಲ್ಲೂಕಿನಲ್ಲಿ ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಿವೆ. ಅಲ್ಲಿನವರು ಬಂಗಾಳದ ಬಂಧುಗಳನ್ನು ನೋಡಲು ರೈಲಿನಲ್ಲಿ ಹೋಗುವುದಾದರೆ ದಿನಗಳ ಲೆಕ್ಕ ಹಾಕಬೇಕು. ಹೈದರಾಬಾದಿನಿಂದ ಕೋಲ್ಕತ್ತಕ್ಕೆ ಹಾರಿದರೆ ಅದೇ ಪ್ರಯಾಣ ಒಂದು ದಿನದೊಳಗೆ ಮುಗಿಯುತ್ತದೆ. ಊರಿನಲ್ಲಿ ಸಾವು ಸಂಭವಿಸಿದಾಗ ಮಣ್ಣಿಗೆ ಮುಟ್ಟುವುದೋ ಇಲ್ಲವೋ ಎಂಬುದನ್ನು ಈ ಅಂತರವೇ ತೀರ್ಮಾನಿಸುತ್ತದೆ. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವವರಿಗೂ ಅಷ್ಟೇ.

ಗೆರೆಗೆ ಕಾನೂನಿನ ಬಲ

ವೈಮಾನಿಕ ದೂರ ಕುತೂಹಲದ ಸಂಗತಿಯಷ್ಟೇ ಅಲ್ಲ, ಸರ್ಕಾರಿ ಕಡತದಲ್ಲಿ ಅದಕ್ಕೆ ಬಲವಿದೆ. ಕೇಂದ್ರ ಸರ್ಕಾರದ 2008ರ ಹೊಸ ವಿಮಾನ ನಿಲ್ದಾಣಗಳ ನೀತಿಯಂತೆ, ಇರುವ ನಾಗರಿಕ ನಿಲ್ದಾಣದಿಂದ 150 ಕಿ.ಮೀ. ವೈಮಾನಿಕ ದೂರದೊಳಗೆ ಇನ್ನೊಂದು ನಿಲ್ದಾಣ ಕಟ್ಟುವುದಾದರೆ ಹಳೆಯದರ ಮೇಲೆ ಆಗುವ ಪರಿಣಾಮವನ್ನು ಪರಿಶೀಲಿಸಬೇಕು. ಬೆಂಗಳೂರು ಮತ್ತು ಹೈದರಾಬಾದ್ ನಿಲ್ದಾಣಗಳ ಒಪ್ಪಂದಗಳಲ್ಲಿಯೂ 150 ಕಿ.ಮೀ. ಷರತ್ತು ಇದೆ. ವರಂಗಲ್ಲಿನ ಮಾಮನೂರು ನಿಲ್ದಾಣಕ್ಕೆ ಈ ಷರತ್ತಿನಿಂದ ವಿನಾಯಿತಿ ಸಿಕ್ಕಿದ್ದು 2025ರಲ್ಲಿ. ಎಲ್ಲಿ ನಿಲ್ದಾಣ ಬರಬೇಕು, ಎಲ್ಲಿ ಬರಬಾರದು ಎಂಬ ಮಾತು ಬಂದಾಗ ನಕ್ಷೆಯ ಮೇಲಿನ ಈ ಗೆರೆಗೇ ಮೊದಲ ಮಣೆ.

ರಾಯಚೂರು ಬಳಿಯ ಯರಮರಸ್‌ನಲ್ಲಿ ವಿಮಾನ ನಿಲ್ದಾಣ ಮಾಡುವ ಯೋಜನೆ ಈ ಜಿಲ್ಲೆಯ ಜನರಿಗೆ ಪರಿಚಿತ. ರಾಯಚೂರು ನಗರದಿಂದ ಹೈದರಾಬಾದ್ ನಿಲ್ದಾಣಕ್ಕೆ ಗೆರೆ ಎಳೆದರೆ 160 ಕಿ.ಮೀ. ಆಸುಪಾಸು ಬರುತ್ತದೆ. ಸಿಂಧನೂರು, ಮಸ್ಕಿಗಳಿಂದ ರಾಯಚೂರಿಗೆ ನೇರ ದೂರ ಸುಮಾರು 80 ಕಿ.ಮೀ., ಲಿಂಗಸುಗೂರಿನಿಂದ 88 ಕಿ.ಮೀ. ಈ ಮೂರೂ ಊರುಗಳಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ಕೃಷ್ಣೆಯೂ ತುಂಗಭದ್ರೆಯೂ ಅಡ್ಡ ಬರುವುದಿಲ್ಲ. ಎಡೆದೊರೆ ನಾಡಿನ ಒಳಗೇ ಇರುವ ನಿಲ್ದಾಣಕ್ಕೆ ಆ ಅನುಕೂಲ ಇರುತ್ತದೆ.

ಆದರೆ ನಿಲ್ದಾಣ ಬಂದ ಮಾತ್ರಕ್ಕೆ ವಿಮಾನ ಬಂತು ಎಂದಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಉಡಾನ್ ಯೋಜನೆಯಲ್ಲಿ ದರವನ್ನು ದೂರಕ್ಕೆ ಕಟ್ಟಿದರು. ಸುಮಾರು 500 ಕಿ.ಮೀ., ಅಂದರೆ ಒಂದು ತಾಸಿನ ಹಾರಾಟಕ್ಕೆ ಒಂದಷ್ಟು ಆಸನಗಳು 2500 ರೂಪಾಯಿಗೆ ಸಿಗಬೇಕು ಎಂಬುದು ಆರಂಭದ ಲೆಕ್ಕ. ಕಂಪನಿಗೆ ಆಗುವ ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ. ವಿದ್ಯಾನಗರಕ್ಕೆ ಈ ಯೋಜನೆಯಡಿ 2017ರ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ವಿಮಾನ ಬಂತು. ಆ ಕಂಪನಿ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಕಲಬುರಗಿ ನಿಲ್ದಾಣ ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ಸಣ್ಣ ನಿಲ್ದಾಣಗಳಲ್ಲಿ ವಿಮಾನಗಳು ಬರುವುದು, ನಿಲ್ಲುವುದು, ಇನ್ನೊಂದು ಕಂಪನಿ ಬರುವುದು ನಡೆದೇ ಇದೆ. ವಾರಕ್ಕೆ ಮೂರು ದಿನ ಮಾತ್ರ ವಿಮಾನ ಇರುವ ಊರಿನಲ್ಲಿ, ವಿಮಾನ ಇಲ್ಲದ ದಿನ ಹೊರಡಬೇಕಾದವನ ಪ್ರಯಾಣಕ್ಕೆ ಕಾಯುವ ದಿನವನ್ನೂ ಸೇರಿಸಬೇಕು. ಯಾವ ಮಹಾವೃತ್ತದ ಲೆಕ್ಕದಲ್ಲಿಯೂ ಆ ದಿನ ಕಾಣಿಸುವುದಿಲ್ಲ.

ರಾಯಚೂರಿನ ಹಾದಿ

ಈ ಸೀಮೆಗೆ ಕಾಯುವುದು ಹೊಸದಲ್ಲ. ಮುಂಬೈ ಮತ್ತು ಮದ್ರಾಸಿನ ರೈಲು ಮಾರ್ಗಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಅಲ್ಲಿಂದ ನೇರ ದೂರದಲ್ಲಿ 80 ಕಿ.ಮೀ. ಇರುವ ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ, ಅದೂ ಗಂಗಾವತಿ–ಕಾರಟಗಿಯ ಕಡೆಯಿಂದ. ನಡುವೆ ಕಳೆದದ್ದು 153 ವರ್ಷ. 1905ರವರೆಗೆ ನಿಜಾಮರ ರಾಜ್ಯದಲ್ಲಿ ಜಿಲ್ಲಾ ಕೇಂದ್ರವೇ ಆಗಿದ್ದ, ದಂಡಿನ ಛಾವಣಿಯಿದ್ದ ಲಿಂಗಸುಗೂರಿನ ಪಾಲಿಗೆ ಗದಗ–ವಾಡಿ ಮಾರ್ಗವಿದೆ. ಆ ಮಾರ್ಗದಲ್ಲಿ ಕುಷ್ಟಗಿಯವರೆಗೆ ರೈಲು ಬಂದದ್ದು 2025ರಲ್ಲಿ.

ನಿಜಾಮರ ಕಾಲದಲ್ಲಿ ವಿಮಾನವೂ ಇತ್ತು. 1940ರ ದಶಕದಲ್ಲಿ ಹುಟ್ಟಿದ ಡೆಕ್ಕನ್ ಏರ್‌ವೇಸ್ ಹೈದರಾಬಾದಿನ ಬೇಗಂಪೇಟೆಯಿಂದ ಡಕೋಟಾ ವಿಮಾನಗಳನ್ನು ಹಾರಿಸುತ್ತಿತ್ತು. 1953ರಲ್ಲಿ ವಿಮಾನ ಕಂಪನಿಗಳ ರಾಷ್ಟ್ರೀಕರಣವಾದಾಗ ಅದು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಸೇರಿಹೋಯಿತು. ತಾಸಿಗೆ 300 ಕಿ.ಮೀ. ಆಸುಪಾಸು ಹಾರುತ್ತಿದ್ದ ಆ ಡಕೋಟಾಗಳಿಗೆ ಹೈದರಾಬಾದಿನಿಂದ ಬೆಂಗಳೂರು ಎರಡು ತಾಸಿನೊಳಗಿನ ಹಾದಿ. ಅದೇ ರಾಜ್ಯದ ಪ್ರಜೆಯಾಗಿದ್ದ ಮಸ್ಕಿಯ ರೈತ ಹೈದರಾಬಾದಿನ ಕಚೇರಿ ಕಟ್ಟೆಗೆ ಹೋಗಬೇಕಾದರೆ ಮೊದಲು ರಾಯಚೂರಿನ ರೈಲು ಹಿಡಿಯಬೇಕಿತ್ತು. ಆ ರೈಲಿಗೆ ಹೋಗುವ ದಾರಿಯಲ್ಲಿಯೇ ಅವನ ಒಂದು ದಿನ ಮುಗಿಯುತ್ತಿತ್ತು.

ನೇರ ದೂರದ ಲೆಕ್ಕ ಸುಳ್ಳಲ್ಲ. ಎಲ್ಲಿ ಸೇತುವೆ ಬೇಕು, ಎಲ್ಲಿ ನಿಲ್ದಾಣ ಬೇಕು ಎಂದು ತೋರಿಸಿಕೊಡುವುದು ಅದೇ. 67 ಕಿ.ಮೀ. ಗೆರೆಗೆ ನೂರಕ್ಕೂ ಹೆಚ್ಚು ಕಿ.ಮೀ. ರಸ್ತೆ ಏಕೆ, 320 ಕಿ.ಮೀ. ಗೆರೆಗೆ ಒಂದು ರಾತ್ರಿ ಏಕೆ ಎಂದು ಕೇಳಲು ಜನರಿಗೆ ಅದು ಆಧಾರ ಕೊಡುತ್ತದೆ. ಹೊರಡುವವನು ಮಾತ್ರ ಗೆರೆಯ ಜೊತೆಗೆ ಇನ್ನೂ ಮೂರು ಸಂಗತಿ ವಿಚಾರಿಸಬೇಕು. ಮನೆಯಿಂದ ನಿಲ್ದಾಣಕ್ಕೆ ಎಷ್ಟು ತಾಸು, ವಿಮಾನ ಯಾವ ಯಾವ ದಿನ, ಇಳಿದ ಮೇಲೆ ಊರೊಳಗೆ ಹೋಗಲು ಎಷ್ಟು ಹೊತ್ತು. ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಬೆಂಗಳೂರು ಎಷ್ಟು ದೂರ ಎಂಬುದನ್ನು ಸಿಂಧನೂರಿನವರು ತಮ್ಮ ತಾಸಿನ ಲೆಕ್ಕದಲ್ಲಿಯೇ ಸರಿಯಾಗಿ ಹೇಳಬಲ್ಲರು.